ಜವಾರಿ ತತ್ತಿ: ಬಿಸಿಲುನಾಡಿನಲ್ಲಿ ಆರಿಸುವುದು, ಇಡುವುದು, ಬೇಯಿಸುವುದು

ಜವಾರಿ ತತ್ತಿ, ಅಂದರೆ ನಾಟಿ ಕೋಳಿಯ ಮೊಟ್ಟೆ, ರುಚಿ ಅನ್ನಿಸಲು ಮುಖ್ಯವಾಗಿ ಎರಡು ಕಾರಣ. ಒಂದು, ತತ್ತಿ ಸಣ್ಣದಾದರೂ ಅದರೊಳಗೆ ಹಳದಿಯ ಪಾಲು ಹೆಚ್ಚು. ಎರಡು, ಹಿತ್ತಲಿನಿಂದ ಅಡುಗೆಮನೆಗೆ ಬರಲು ಅದಕ್ಕೆ ಹೆಚ್ಚು ದಿನ ಬೇಕಿಲ್ಲ. ಮೊದಲನೆಯದನ್ನು ಕೋಳಿ ನೋಡಿಕೊಳ್ಳುತ್ತದೆ. ಎರಡನೆಯದನ್ನು ನಾವೇ ಕಾಪಾಡಬೇಕು. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಏಪ್ರಿಲ್‌-ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವುದರಿಂದ ತಾಜಾತನ ಬಹಳ ಬೇಗ ಕೈತಪ್ಪುತ್ತದೆ.

ತೂಕದ ಲೆಕ್ಕ ಮೊದಲೇ ತಿಳಿದಿರಲಿ. ಜವಾರಿ ತತ್ತಿ ಸಾಮಾನ್ಯವಾಗಿ 38ರಿಂದ 45 ಗ್ರಾಂ ತೂಗುತ್ತದೆ, ಫಾರಂ ತತ್ತಿ 52ರಿಂದ 58 ಗ್ರಾಂ. ಕೇಂದ್ರ ಸರ್ಕಾರದ ಗುಣಮಟ್ಟದ ಗುರುತಾದ ಅಗ್‌ಮಾರ್ಕ್‌ ದರ್ಜೆಯಲ್ಲಿ 38ರಿಂದ 44 ಗ್ರಾಂ ತೂಗುವುದು ‘ಸಣ್ಣದು’. ಪ್ರೋಟೀನು ತೂಕಕ್ಕೆ ತಕ್ಕಂತೆ ಇರುತ್ತದೆ: 55 ಗ್ರಾಂ ತತ್ತಿಯಲ್ಲಿ ಸುಮಾರು 6 ಗ್ರಾಂ, 40 ಗ್ರಾಂ ತತ್ತಿಯಲ್ಲಿ ಸುಮಾರು ನಾಲ್ಕೂವರೆ ಗ್ರಾಂ. ಪ್ರೋಟೀನಿಗಾಗಿಯೇ ತಿನ್ನುವವರಿಗೆ ಫಾರಂ ತತ್ತಿ ಅಗ್ಗ ಬೀಳುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ. ಜವಾರಿಗೆ ಹೆಚ್ಚು ಹಣ ಕೊಡುವುದು ರುಚಿಗೆ. ಕೊಟ್ಟ ಹಣಕ್ಕೆ ಆ ರುಚಿ ಸಿಗಬೇಕೆಂದರೆ ತತ್ತಿ ತಾಜಾ ಇರಲೇಬೇಕು.

ಕೊಳ್ಳುವಾಗ

ನಮ್ಮ ಭಾಗದಲ್ಲಿ ಫಾರಂ ತತ್ತಿಯನ್ನು ಹಳೆಯದು ಅಂತ ಕಣ್ಣುಮುಚ್ಚಿ ತಳ್ಳಿಹಾಕುವಂತಿಲ್ಲ. ಹೊಸಪೇಟೆ ಸುತ್ತ ತತ್ತಿಗಾಗಿಯೇ ಕೋಳಿ ಸಾಕುವ ದೊಡ್ಡ ಲೇಯರ್‌ ಫಾರಂಗಳಿವೆ. ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ದಿನದಿನವೂ ಪ್ರಕಟಿಸುವ ದರಪಟ್ಟಿಯಲ್ಲಿ ಹೊಸಪೇಟೆಯ ಹೆಸರೂ ಇರುತ್ತದೆ. ಹೆಚ್ಚು ವ್ಯಾಪಾರ ಇರುವ ಹೋಲ್‌ಸೇಲ್‌ ತತ್ತಿ ಅಂಗಡಿಯಲ್ಲಿ ಎರಡು-ಮೂರು ದಿನದ ತತ್ತಿ ಸಿಗಬಹುದು. ಅದೇ ಹೊತ್ತಿಗೆ ಸಂತೆಗೆ ಬಂದ ಜವಾರಿ ತತ್ತಿ, ಬುಟ್ಟಿ ತುಂಬಲಿ ಅಂತ ಮನೆಯಲ್ಲಿ ಹತ್ತು-ಹನ್ನೆರಡು ದಿನ ಕೂಡಿಟ್ಟದ್ದೂ ಆಗಿರಬಹುದು. ಹಳ್ಳಿಯ ಒಂದು ಮನೆಯಲ್ಲಿ ನಾಲ್ಕೈದು ಹ್ಯಾಟೆಗಳಿದ್ದರೆ (ಹೆಣ್ಣು ಕೋಳಿಗಳಿದ್ದರೆ) ದಿನಕ್ಕೆ ಎರಡು ತತ್ತಿ ಸಿಕ್ಕರೆ ಹೆಚ್ಚು. ಮೂವತ್ತು ತತ್ತಿ ಒಟ್ಟಿಗೆ ತಂದಿದ್ದಾರೆ ಎಂದರೆ ಹಲವು ಮನೆಗಳದ್ದನ್ನೋ ಹಲವು ದಿನದ್ದನ್ನೋ ಸೇರಿಸಿದ್ದಾರೆ ಎಂದೇ ಅರ್ಥ.

ಹಾಗಾಗಿ ರೇಟು ಕೇಳುವ ಮೊದಲು ಎರಡು ಮಾತು ಕೇಳಿ: “ಯಕ್ಕಾ, ಇವು ಎಷ್ಟು ದಿನದ್ದು? ಮನ್ಯಾಗ ಹುಂಜ ಐತೇನು?” ಎರಡನೇ ಪ್ರಶ್ನೆ ಯಾಕೆ ಎಂಬುದು ಮುಂದೆ ಬರುತ್ತದೆ. ಸೂಪರ್‌ ಮಾರ್ಕೆಟ್ಟಿನ ಡಬ್ಬಿಯಾದರೆ ಪ್ಯಾಕ್‌ ಮಾಡಿದ ದಿನ ಓದಿ, ಹಿಂದಿನ ಸಾಲಿನ ಡಬ್ಬಿಯನ್ನೂ ತೆಗೆದು ನೋಡಿ. ಪ್ಯಾಕ್‌ ಮಾಡಿದ ದಿನವೂ ತತ್ತಿ ಇಟ್ಟ ದಿನವೂ ಒಂದೇ ಅಲ್ಲ ಅನ್ನುವುದು ಮಾತ್ರ ನೆನಪಿರಲಿ.

ಸಿಪ್ಪೆಯ ಬಣ್ಣ ನೋಡಿ ಮೋಸ ಹೋಗುವವರೇ ಹೆಚ್ಚು. ಆ ಬಣ್ಣ ಕೋಳಿಯ ತಳಿಯಿಂದ ಬರುತ್ತದೆ. ಡಬ್ಬಿಗಳಲ್ಲಿ ಬರುವ ಕಂದು ತತ್ತಿ ಬಹುಪಾಲು ಬಿವಿ 380 ಥರದ ಹೈಬ್ರಿಡ್‌ ಲೇಯರ್‌ ಕೋಳಿಯದು, ಜವಾರಿಯದಲ್ಲ. ಫಾರಂಗಳಲ್ಲಿ ಎಳೆ ಕೋಳಿ ಇಡುವ ಸಣ್ಣ ಬಿಳಿ ತತ್ತಿಯನ್ನು ಚಹಾ ಡಿಕಾಕ್ಷನ್‌ನಲ್ಲಿ ಅದ್ದಿ ಜವಾರಿ ಎಂದು ಮಾರುವವರೂ ಇದ್ದಾರೆ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿದಾಗ ಬಣ್ಣ ಹತ್ತಿದರೆ ಬಿಟ್ಟುಬಿಡಿ. ಹತ್ತದಿದ್ದರೂ ಅಸಲಿ ಅನ್ನುವ ಖಾತ್ರಿ ಇಲ್ಲ. ಅದಕ್ಕಿಂತ ಒಳ್ಳೆಯ ಗುರುತು ಬುಟ್ಟಿಯಲ್ಲೇ ಇರುತ್ತದೆ: ಜವಾರಿ ತತ್ತಿಗಳು ಒಂದೇ ಅಳತೆಯವು, ಒಂದೇ ಬಣ್ಣದವು ಆಗಿರುವುದಿಲ್ಲ. ಒಂದು ಕೆನೆ ಬಣ್ಣ, ಒಂದು ತಿಳಿಗಂದು, ಒಂದು ಬಹುತೇಕ ಬಿಳಿ. ಒಂದು ದುಂಡಗೆ, ಒಂದು ಚೂಪಗೆ. ಮೂವತ್ತೂ ಅಚ್ಚೊತ್ತಿದಂತೆ ಇದ್ದರೆ ಅನುಮಾನಪಡಿ.

ಇನ್ನೊಂದು ವಿಚಾರವನ್ನು ಯಾರೂ ಕೇಳುವುದಿಲ್ಲ, ಕೇಳಬೇಕು: ಕೋಳಿ ಮೇಯುವುದು ಎಲ್ಲಿ? ಸಿರುಗುಪ್ಪ, ಗಂಗಾವತಿ, ಸಿಂಧನೂರಿನ ಕಾಲುವೆ ಕೆಳಗಿನ ಭತ್ತದ ಗದ್ದೆಗಳಲ್ಲಿ, ರಾಯಚೂರಿನ ಹತ್ತಿ ಹೊಲಗಳಲ್ಲಿ ಔಷಧಿ ಹೊಡೆಯುವುದು ಹೆಚ್ಚು. ಹೊಡೆದ ಹೊಲದಲ್ಲಿ ಹುಳ ಹೆಕ್ಕುವ ಕೋಳಿಯ ತತ್ತಿಗೂ ಅದರ ಅಂಶ ಬರಬಹುದು. ಹಿತ್ತಲಿನಲ್ಲೇ ಇರುವ, ಔಷಧಿ ಹೊಡೆದ ದಿನಗಳಲ್ಲಿ ಕೂಡಿಹಾಕುವ ಮನೆಯ ತತ್ತಿಗೆ ಎರಡು ರೂಪಾಯಿ ಹೆಚ್ಚು ಕೊಟ್ಟರೂ ಸರಿಯೇ.

ತಾಜಾ ಹೌದೋ ಅಲ್ಲವೋ

ಸಿಪ್ಪೆಯಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳಿವೆ. ದಿನ ಕಳೆದಂತೆ ಒಳಗಿನ ನೀರಿನಂಶ ಹೊರಗೆ ಹೋಗಿ, ಅಗಲ ತುದಿಯಲ್ಲಿರುವ ಗಾಳಿಗೂಡು ದೊಡ್ಡದಾಗುತ್ತದೆ. ನೀರಿನ ಪರೀಕ್ಷೆಗೂ ಟಾರ್ಚಿನ ಪರೀಕ್ಷೆಗೂ ಇದೇ ಆಧಾರ.

ನೀರಿನ ಪರೀಕ್ಷೆಗೆ ಆಳದ ಪಾತ್ರೆ ಬೇಕು, ಕನಿಷ್ಠ ನಾಲ್ಕು ಇಂಚು ನೀರು. ತತ್ತಿ ತಳದಲ್ಲಿ ಅಡ್ಡ ಮಲಗಿದರೆ ತಾಜಾ. ಅಗಲ ತುದಿ ಸ್ವಲ್ಪ ಎದ್ದರೆ ಕೆಲವು ದಿನದ್ದು, ಬೇಯಿಸಲು ಚೆನ್ನ. ನೆಟ್ಟಗೆ ನಿಂತರೆ ಹಳೆಯದು, ಬೇರೆ ಬಟ್ಟಲಿಗೆ ಒಡೆದು ಮೂಸಿ ನೋಡಿ. ತೇಲಿದರೆ ಬಿಸಾಡಿ. ಈ ಪರೀಕ್ಷೆ ತೋರಿಸುವುದು ವಯಸ್ಸನ್ನು ಮಾತ್ರ. ಮುಳುಗಿದ್ದೆಲ್ಲ ಕ್ಷೇಮ ಎಂದಲ್ಲ. ಒದ್ದೆಯಾದ ತತ್ತಿಯನ್ನು ಮತ್ತೆ ಎತ್ತಿಡಬೇಡಿ, ಅಂದೇ ಬಳಸಿ.

ಟಾರ್ಚಿನ ಪರೀಕ್ಷೆ ಇದಕ್ಕಿಂತ ಮೇಲು, ಜವಾರಿ ತತ್ತಿಗಂತೂ ಬೇಕೇ ಬೇಕು. ಕತ್ತಲ ಕೋಣೆಯಲ್ಲಿ ಮೊಬೈಲ್‌ ಟಾರ್ಚ್‌ ಹಚ್ಚಿ, ಬೆಳಕು ಸುತ್ತ ಸೋರದಂತೆ ಬೆರಳುಗಳಿಂದ ಮುಚ್ಚಿ, ಅಗಲ ತುದಿಯನ್ನು ಅದರ ಮೇಲಿಡಿ. ಆ ತುದಿಯ ಗಾಳಿಗೂಡಿನ ಗೆರೆ ಕಾಣುತ್ತದೆ. ಅದರ ಆಳ 4 ಮಿ.ಮೀ. ಒಳಗಿದ್ದರೆ ಅಗ್‌ಮಾರ್ಕ್‌ ‘ಎ’ ದರ್ಜೆಗೆ ಸಮ, 8 ಮಿ.ಮೀ.ವರೆಗೆ ‘ಬಿ’. ತತ್ತಿಯನ್ನು ಮೆಲ್ಲಗೆ ತಿರುಗಿಸಿ. ಒಳಗೆ ಎಲ್ಲ ಕಡೆ ಒಂದೇ ಬಗೆಯ ಕಿತ್ತಳೆ ಬೆಳಕಿದ್ದರೆ ಸರಿ. ಒಂದು ಚುಕ್ಕೆಯಿಂದ ಜೇಡನ ಕಾಲುಗಳಂತೆ ಕೆಂಪು ನರಗಳು ಹರಡಿದ್ದರೆ ಒಳಗೆ ಮರಿ ಬೆಳೆಯಲು ಶುರುವಾಗಿದೆ. ಕೆಂಪು ಉಂಗುರ ಮಾತ್ರ ಇದ್ದರೆ ಬೆಳೆದು ಸತ್ತಿದೆ. ಎರಡೂ ಅಡುಗೆಗೆ ಬೇಡ.

ಹುಂಜ ಮತ್ತು ಬಿಸಿಲು

ಫಾರಂನಲ್ಲಿ ಹುಂಜ ಇರುವುದಿಲ್ಲ, ಹಾಗಾಗಿ ಆ ತತ್ತಿಯಲ್ಲಿ ಮರಿ ಬೆಳೆಯುವುದೇ ಇಲ್ಲ. ಹಿತ್ತಲಿನ ತತ್ತಿ ಬಹುಮಟ್ಟಿಗೆ ಫಲಿತ ತತ್ತಿ, ಅಂದರೆ ಹುಂಜ ಕೂಡಿದ್ದರಿಂದ ಮರಿಯಾಗಬಲ್ಲದ್ದು. ಮರಿ ಮಾಡಲು ಬೇಕಾದ ಕಾವು ಸುಮಾರು 37.5 ಡಿಗ್ರಿ, 21 ಡಿಗ್ರಿ ದಾಟಿದರೇ ಬೆಳವಣಿಗೆ ನಿಧಾನವಾಗಿ ಆರಂಭವಾಗಬಲ್ಲದು. ರಾಯಚೂರಿನ ಮೇ ತಿಂಗಳ ತಗಡಿನ ಮನೆಯೊಳಗೆ ತತ್ತಿಗೆ ಕೋಳಿಯ ಕಾವೇ ಬೇಕಿಲ್ಲ. ಎರಡು-ಮೂರು ದಿನಕ್ಕೆ ನರ ಮೂಡುತ್ತದೆ, ಆಮೇಲೆ ಶಾಖ ಏರುಪೇರಾಗಿ ಅದು ಸಾಯುತ್ತದೆ, ತತ್ತಿ ಕೊಳೆಯುತ್ತದೆ. “ಜವಾರಿ ತತ್ತಿ ಬ್ಯಾಸಿಗ್ಯಾಗ ಲಗೂನ ಕೆಡತಾವ” ಎಂಬ ದೂರಿನ ಹಿಂದೆ ಇರುವುದು ಇದೇ.

ತಿನ್ನಲಿಕ್ಕಷ್ಟೇ ಸಾಕಿದ್ದರೆ ಹುಂಜವೇ ಬೇಡ. ಹುಂಜ ಇಲ್ಲದೆಯೂ ಹ್ಯಾಟೆ ಅಷ್ಟೇ ತತ್ತಿ ಇಡುತ್ತದೆ. ಹುಂಜವನ್ನು ಬೇರೆ ಮಾಡಿದ ಮೇಲೂ ಎರಡರಿಂದ ಮೂರು ವಾರ ಫಲಿತ ತತ್ತಿ ಬರುತ್ತಿರುತ್ತದೆ. ಆದ್ದರಿಂದ ಆ ಕೆಲಸವನ್ನು ಫೆಬ್ರುವರಿಯಲ್ಲೇ ಮುಗಿಸಿ. ಮರಿಗಾಗಿ ಹುಂಜ ಬೇಕೇ ಬೇಕೆಂದರೆ ಬೇಸಿಗೆಯ ತತ್ತಿ ಅಂದಂದೇ ಫ್ರಿಜ್ಜಿಗೆ ಹೋಗಲಿ.

ಇಡುವ ಬಗೆ

ತೊಳೆಯಬೇಡಿ. ತತ್ತಿಯ ಮೇಲಿರುವ ತೆಳುವಾದ ಪೊರೆ ರಂಧ್ರಗಳನ್ನು ಮುಚ್ಚಿರುತ್ತದೆ. ತೊಳೆದರೆ ಅದು ಹೋಗುತ್ತದೆ. ಬೆಚ್ಚಗಿನ ತತ್ತಿಯನ್ನು ತಣ್ಣೀರಿಗೆ ಹಾಕಿದರೆ ಒಳಗಿನದು ಕುಗ್ಗಿ, ಹೊರಗಿನ ಹೊಲಸು ನೀರನ್ನು ರಂಧ್ರಗಳ ಮೂಲಕ ಒಳಗೆಳೆದುಕೊಳ್ಳುತ್ತದೆ. ಹಿಕ್ಕೆ ಹತ್ತಿದ್ದರೆ ಒಣ ಬಟ್ಟೆಯಿಂದ ಒರೆಸಿ ಮೊದಲು ಅದನ್ನೇ ಬಳಸಿ. ಒಡೆಯುವ ಮುಂಚೆ ತೊಳೆದರೆ ಸಾಕು.

ಚೂಪು ತುದಿ ಕೆಳಗಿರಲಿ. ಫ್ರಿಜ್ಜಿನ ಬಾಗಿಲಲ್ಲಿ ಬೇಡ, ಒಳಗಿನ ಹಲಗೆಯ ಮೇಲೆ ಮುಚ್ಚಿದ ಡಬ್ಬಿಯಲ್ಲಿಡಿ. ಬಾಗಿಲು ತೆರೆದಾಗಲೆಲ್ಲ ಅಲ್ಲಿ ಶಾಖ ಏರುತ್ತದೆ, ತತ್ತಿಯೂ ಬೆಳ್ಳುಳ್ಳಿ-ಈರುಳ್ಳಿಯ ವಾಸನೆ ಹೀರುತ್ತದೆ. ತಾಜಾ ಇಟ್ಟರೆ ಮೂರು ವಾರ ಚಿಂತೆಯಿಲ್ಲ. ಫ್ರಿಜ್ಜಿನಿಂದ ತೆಗೆದು ಗಂಟೆಗಟ್ಟಲೆ ಹೊರಗಿಟ್ಟು ಮತ್ತೆ ಒಳಗಿಡುವುದು ಕೆಟ್ಟ ಅಭ್ಯಾಸ: ಸಿಪ್ಪೆ ಬೆವರುತ್ತದೆ, ಆ ತೇವದಲ್ಲಿ ರೋಗಾಣು ಒಳಗಿಳಿಯುತ್ತದೆ. ಸಿಪ್ಪೆಯ ಮೇಲೆ ಪೆನ್ಸಿಲ್ಲಿನಿಂದ ತಾರೀಖು ಬರೆದಿಡಿ.

ಫ್ರಿಜ್ಜಿಲ್ಲದ ಮನೆಗೆ ಎರಡು ಗಡಿಗೆಯ ಉಪಾಯ ಉಂಟು. ಅಗಲ ಬಾಯಿಯ ದೊಡ್ಡ ಮಣ್ಣಿನ ಗಡಿಗೆಯ ತಳಕ್ಕೆ ಎರಡು ಇಂಚು ಮರಳು ಹಾಕಿ, ಒಳಗೆ ಸಣ್ಣ ಗಡಿಗೆ ಇಟ್ಟು, ಸುತ್ತಲಿನ ಸಂದಿಗೂ ಮರಳು ತುಂಬಿ. ಬೆಳಿಗ್ಗೆ-ಮಧ್ಯಾಹ್ನ ಮರಳಿಗೆ ನೀರು ಹಾಕಿ, ಬಾಯಿಗೆ ಒದ್ದೆ ಗೋಣಿ ಮುಚ್ಚಿ, ಗಾಳಿಯಾಡುವ ನೆರಳಲ್ಲಿಡಿ. ನಮ್ಮ ಒಣ ಬೇಸಿಗೆಯಲ್ಲಿ ಹೊರಗಿಗಿಂತ ಒಳಗೆ ಎಂಟು-ಹತ್ತು ಡಿಗ್ರಿ ತಂಪಿರುತ್ತದೆ. ಆದರೂ ಅದು 21 ಡಿಗ್ರಿಗಿಂತ ಮೇಲೆಯೇ. ಫಲಿತ ತತ್ತಿಯನ್ನು ಮೂರು ದಿನದೊಳಗೆ ತಿಂದುಬಿಡಿ. ಮಳೆಗಾಲದಲ್ಲಿ ಈ ಗಡಿಗೆ ಬೇಡ, ಬೂಸ್ಟು ಹಿಡಿಯುತ್ತದೆ.

ಕೋಳಿ ತತ್ತಿ ಇಟ್ಟ ದಿನವೇ ವಾಸನೆಯಿಲ್ಲದ ಅಡುಗೆ ಎಣ್ಣೆಯನ್ನು ತೆಳುವಾಗಿ ಸವರಿದರೂ ರಂಧ್ರ ಮುಚ್ಚಿ ತತ್ತಿ ಬಾಳುತ್ತದೆ. ಎಣ್ಣೆ ಸವರಿದ ತತ್ತಿಗೆ ನೀರಿನ ಪರೀಕ್ಷೆಯನ್ನು ನಂಬಬೇಡಿ, ಗಾಳಿಗೂಡು ಬೆಳೆಯದೆ ಹಳೆಯದೂ ಮುಳುಗುತ್ತದೆ.

ನಿಮ್ಮದೇ ಕೋಳಿಯಾದರೆ

ಹ್ಯಾಟೆಗಳು ಹೆಚ್ಚಾಗಿ ಮಧ್ಯಾಹ್ನದೊಳಗೆ ತತ್ತಿ ಇಡುತ್ತವೆ. ಬೇಸಿಗೆಯಲ್ಲಿ ಹನ್ನೊಂದಕ್ಕೊಮ್ಮೆ, ಮೂರಕ್ಕೊಮ್ಮೆ ತೆಗೆಯಿರಿ. ಸಂಜೆಯವರೆಗೆ ಬಿಟ್ಟರೆ ಅಷ್ಟೂ ಹೊತ್ತು ಕಾವು. ಮಬ್ಬು ಬೆಳಕಿನ ಮೂಲೆಯಲ್ಲಿ ಬುಟ್ಟಿಗೆ ನಾಲ್ಕು ಇಂಚು ಭತ್ತದ ಹುಲ್ಲು ಹಾಕಿಡಿ. ಇಲ್ಲವಾದರೆ ಬಣವೆಯ ಸಂದಿ ಹುಡುಕಿಕೊಳ್ಳುತ್ತವೆ. ಬಣವೆಯಲ್ಲಿ ಸಿಕ್ಕ ತತ್ತಿಯನ್ನು ಉಳಿದವುಗಳ ಜೊತೆ ಸೇರಿಸುವ ಮೊದಲು ಒಂದೊಂದನ್ನೂ ಟಾರ್ಚಿಗೆ ಹಿಡಿಯಿರಿ.

ಹಳದಿಯ ಬಣ್ಣ ಮೇವಿನಿಂದ ಬರುತ್ತದೆ. ಬರೀ ನುಚ್ಚು, ಜೋಳ ಹಾಕಿದರೆ ಹಳದಿ ಪೇಲವ. ಹಳದಿ ಮೆಕ್ಕೆಜೋಳ, ನುಗ್ಗೆಸೊಪ್ಪು, ಕುದುರೆ ಮೆಂತೆ ಕೊಟ್ಟರೆ ಕಿತ್ತಳೆಯಾಗುತ್ತದೆ. ಫಾರಂನವರೂ ಮೇವಿಗೆ ಬಣ್ಣದ ಅಂಶ ಸೇರಿಸಿ ಅದನ್ನೇ ಮಾಡಬಲ್ಲರು, ಆದ್ದರಿಂದ ಕಡು ಹಳದಿ ಎಂದಾಕ್ಷಣ ಜವಾರಿ ಎಂದುಕೊಳ್ಳಬೇಡಿ. ಸಿಪ್ಪೆ ತೆಳುವಾದರೆ ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿಡಿ, ಬೇಕಾದಷ್ಟು ಅವೇ ತಿನ್ನುತ್ತವೆ. ಬೇಸಿಗೆಯಲ್ಲಿ ಮಾತ್ರ ಚಿಪ್ಪು ಕೊಟ್ಟರೂ ಸಿಪ್ಪೆ ತೆಳುವಾಗಬಹುದು: ಬಾಯಿ ತೆರೆದು ಏದುಸಿರು ಬಿಡುವಾಗ, ಸಿಪ್ಪೆ ಕಟ್ಟಲು ಬೇಕಾದ ಇಂಗಾಲದ ಡೈಆಕ್ಸೈಡ್‌ ಮೈಯಿಂದ ಹೊರಹೋಗುತ್ತದೆ. ಅದಕ್ಕೆ ಮದ್ದು ನೆರಳು ಮತ್ತು ದಿನಕ್ಕೆ ಮೂರು ಸಲ ಬದಲಿಸಿದ ತಂಪು ನೀರು. ಕೊಕ್ಕರೆ ರೋಗದ (ರಾಣಿಕೇತ್) ಲಸಿಕೆ ತಪ್ಪಿಸಬೇಡಿ; ಅದು ಬಂದರೆ ಇಡೀ ಹಿಂಡೇ ಹೋಗುತ್ತದೆ.

ಒಲೆಯ ಮೇಲೆ

ಒಂದೊಂದು ತತ್ತಿಯನ್ನೂ ಮೊದಲು ಸಣ್ಣ ಬಟ್ಟಲಿಗೆ ಒಡೆಯಿರಿ, ಒಂದು ಕೆಟ್ಟದ್ದರಿಂದ ಆರು ಹಾಳಾಗುವುದು ಬೇಡ. ತಾಜಾ ತತ್ತಿಯ ಹಳದಿ ಉಬ್ಬಿ ನಿಲ್ಲುತ್ತದೆ, ಬಿಳಿ ಲೋಳೆ ಅದರ ಸುತ್ತ ದಪ್ಪಗೆ ಕೂಡಿಕೊಂಡು ಸ್ವಲ್ಪ ಮಬ್ಬಾಗಿರುತ್ತದೆ. ಹಳದಿಗೆ ಅಂಟಿದ ಬಿಳಿ ಹುರಿಯೂ ಒಂದು ರಕ್ತದ ಚುಕ್ಕೆಯೂ ದೋಷವಲ್ಲ.

ಎರಡು-ಮೂರು ದಿನದೊಳಗಿನದನ್ನು ಹಾಫ್‌ ಬಾಯ್ಲ್‌ಗೆ, ಆಮ್ಲೆಟ್ಟಿಗೆ ಇಟ್ಟುಕೊಳ್ಳಿ. ಕಾವಲಿ ಹದವಾಗಿ ಕಾಯಲಿ, ಉರಿ ಸಣ್ಣಗಿರಲಿ. ಜವಾರಿ ತತ್ತಿ ಸಣ್ಣದಾದ್ದರಿಂದ ಬೇಗ ಗಟ್ಟಿಯಾಗುತ್ತದೆ. ಮಕ್ಕಳಿಗೆ, ಬಸುರಿಯರಿಗೆ, ವಯಸ್ಸಾದವರಿಗೆ ಹಳದಿ ಪೂರ್ತಿ ಗಟ್ಟಿಯಾಗುವಂತೆ ಬೇಯಿಸಿಯೇ ಕೊಡಿ.

ಬೇಯಿಸಿ ಸಾರಿಗೆ ಹಾಕಲು ಫ್ರಿಜ್ಜಿನಲ್ಲಿಟ್ಟ ಒಂದು ವಾರದ ತತ್ತಿಯೇ ಒಳ್ಳೆಯದು. ಹೊಸ ತತ್ತಿಯ ಲೋಳೆಯಲ್ಲಿ ಕ್ಷಾರ ಕಡಿಮೆ, ಅದು ಒಳಪೊರೆಗೆ ಅಂಟಿಕೊಂಡು ಸುಲಿಯುವಾಗ ಚೂರು ಚೂರಾಗಿ ಕಿತ್ತು ಬರುತ್ತದೆ. ಹೊಸದನ್ನೇ ಬೇಯಿಸಬೇಕಾದರೆ ತಣ್ಣೀರಿಗೆ ಹಾಕಿ ಕಾಯಿಸಬೇಡಿ. ಕುದಿಯುವ ನೀರಿಗೆ ಸೌಟಿನಿಂದ ಮೆಲ್ಲಗೆ ಇಳಿಸಿ, ಜವಾರಿಗೆ 9 ನಿಮಿಷ, ಫಾರಂ ತತ್ತಿಗೆ 11 ನಿಮಿಷ ಬೇಯಿಸಿ. ತಕ್ಷಣ ತಣ್ಣೀರಿಗೆ ಹಾಕಿ ಹತ್ತು ನಿಮಿಷ ಬಿಟ್ಟು, ಅಗಲ ತುದಿಯಿಂದ ಒಡೆದು ನೀರೊಳಗೇ ಸುಲಿಯಿರಿ. ಹಳದಿಯ ಸುತ್ತ ಹಸಿರು ಬಳೆ ಕಂಡರೆ ಅತಿಯಾಗಿ ಬೆಂದಿದೆ ಎಂದರ್ಥ. ಕಬ್ಬಿಣ-ಗಂಧಕ ಸೇರಿ ಆಗುವ ಆ ಬಣ್ಣದಿಂದ ಅಪಾಯವೇನಿಲ್ಲ, ಮುಂದಿನ ಸಲ ಒಂದು ನಿಮಿಷ ಮೊದಲೇ ಇಳಿಸಿ.