ಹಳೇ ಸ್ಕೇಟ್‌ಬೋರ್ಡ್ ಡೆಕ್: ಚಿತ್ರ ಆಮೇಲೆ, ಮರ ಮೊದಲು

ಹಳೇ ಡೆಕ್ (ಸ್ಕೇಟ್‌ಬೋರ್ಡಿನ ಹಲಗೆ) ಮಾರುವವರ ಬಾಯಲ್ಲಿ ಎಲ್ಲವೂ ‘ಮಿಂಟ್’, ಅಂದರೆ ಹೊಚ್ಚಹೊಸದರ ಹಾಗಿರುವುದು. ಗ್ಯಾರೇಜಿನ ಅಟ್ಟದಲ್ಲಿ ಮೂವತ್ತು ವರ್ಷ ಧೂಳು ತಿಂದದ್ದೂ ಮಿಂಟ್, ಹೋದ ತಿಂಗಳು ಸ್ಯಾಂಡ್ ಪೇಪರ್ ಹಾಕಿ ತಿಕ್ಕಿ ಬಣ್ಣ ಬಳಿದದ್ದೂ ಮಿಂಟ್. ಇನ್ನೊಂದು ಮಾತು ‘ಎನ್‌ಒಎಸ್’ (ನ್ಯೂ ಓಲ್ಡ್ ಸ್ಟಾಕ್). ಆ ಕಾಲದಲ್ಲೇ ತಯಾರಾಗಿ, ಅಂಗಡಿಯಲ್ಲೇ ಉಳಿದು, ಚಕ್ರವನ್ನೇ ಕಾಣದ ಸರಕು ಅಂತ ಅದರ ಅರ್ಥ. ಓಡಿಸಿದ ಡೆಕ್ಕಿಗೂ ಓಡಿಸದ ಡೆಕ್ಕಿಗೂ ಬೆಲೆಯಲ್ಲಿ ಹಲವು ಪಟ್ಟು ಅಂತರ ಇರುವುದರಿಂದ ಈ ಪದಗಳನ್ನು ಎಲ್ಲರೂ ಧಾರಾಳವಾಗಿ ಬಳಸುತ್ತಾರೆ. ನಾನಂತೂ ಅವನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ.

ನಾನಿರುವುದು ಸ್ಯಾನ್ ಹೋಸೆಯಲ್ಲಿ. ಹೈವೇ 17ರಲ್ಲಿ ಗುಡ್ಡ ದಾಟಿದರೆ ಸ್ಯಾಂಟಾ ಕ್ರೂಜ್ ಊರು, ಅದೇ ಹೆಸರಿನ ಸ್ಕೇಟ್‌ಬೋರ್ಡ್ ಕಂಪನಿಯ ತವರು. ಬೆರಿಯೆಸಾ ಫ್ಲೀ ಮಾರ್ಕೆಟ್, ಗ್ಯಾರೇಜ್ ಸೇಲ್, ಪರಿಚಯದವರ ಪರಿಚಯದವರು, ಹೀಗೆ ಡೆಕ್ ಸಿಗುತ್ತವೆ. ನಾನು ಹುಡುಕುವುದು 1983ರಿಂದ 1990ರ ಆಸುಪಾಸಿನವು: ಪವೆಲ್ ಪೆರಾಲ್ಟಾ, ಸ್ಯಾಂಟಾ ಕ್ರೂಜ್, ವಿಷನ್ ಕಂಪನಿಗಳವು. ಮೇಪಲ್ ಮರದ 7 ತೆಳು ಪದರಗಳನ್ನು ಅಂಟಿಸಿ ಅಚ್ಚಿನಲ್ಲಿ ಒತ್ತಿದ ಹಲಗೆ. ಹೆಚ್ಚುಕಮ್ಮಿ 10 ಇಂಚು ಅಗಲ, 30 ಇಂಚು ಉದ್ದ. ಅಡಿಯಲ್ಲಿ ಸ್ಕ್ರೀನ್ ಪ್ರಿಂಟ್ ಮಾಡಿದ ಚಿತ್ರ. ಹೆಸರಾಂತ ಸ್ಕೇಟರ್ ಟೋನಿ ಹಾಕ್ ಹೆಸರಿನ ಡೆಕ್ಕಿನ ತಲೆಬುರುಡೆ, ಚಿತ್ರಕಾರ ಜಿಮ್ ಫಿಲಿಪ್ಸ್ ಬರೆದ ರಾಬ್ ರಾಸ್ಕಾಪ್ ಸರಣಿಯ ಗುರಿಹಲಗೆ ಸೀಳಿಕೊಂಡು ಬರುವ ರಾಕ್ಷಸ, ಇವನ್ನು ನೋಡಿದರೆ ಯಾರಿಗಾದರೂ ಕೈ ಜೇಬಿಗೆ ಹೋಗುತ್ತದೆ. (ಈ ರಾಸ್ಕಾಪ್ ಮುಂದೆ ಸ್ಯಾಂಟಾ ಕ್ರೂಜ್ ಬೈಸಿಕಲ್ಸ್ ಕಟ್ಟಿದವರಲ್ಲಿ ಒಬ್ಬ. ಇಲ್ಲಿ ಆ ಸೈಕಲ್ ತುಳಿಯುವ ನಮ್ಮವರು ಬೇಕಾದಷ್ಟಿದ್ದಾರೆ, ಆತ ಸ್ಕೇಟರ್ ಅಂತ ಗೊತ್ತಿರುವವರು ಕಡಿಮೆ.)

ಹಾಗಾಗಿ ಡೆಕ್ ಕೈಗೆ ಬಂದ ತಕ್ಷಣ ನಾನು ಚಿತ್ರವನ್ನು ಕೆಳಮುಖ ಮಾಡುತ್ತೇನೆ. ಮೊದಲು ಅಂಚು. ಏಳೂ ಪದರ ಬಿಡಿಬಿಡಿಯಾಗಿ, ಆದರೆ ಸಂದಿಲ್ಲದೆ ಕಾಣಬೇಕು. ಮೂಗಿನ (ಮುಂಭಾಗದ) ತುದಿಯಲ್ಲಿ, ಬಾಲದ (ಹಿಂಭಾಗದ) ತುದಿಯಲ್ಲಿ, ಟ್ರಕ್ (ಚಕ್ರಗಳನ್ನು ಹಲಗೆಗೆ ಕೂರಿಸುವ ಲೋಹದ ಭಾಗ) ತೂತುಗಳ ನೇರಕ್ಕೆ ಅಂಚಿನಲ್ಲಿ ಪದರ ಬಾಯಿ ಬಿಟ್ಟಿದೆಯಾ ಅಂತ ಉಗುರು ಹಾಕಿ ನೋಡುತ್ತೇನೆ. ಆಮೇಲೆ ಬೆರಳ ಗಿಣ್ಣಿನಿಂದ ಉದ್ದಕ್ಕೂ ತಟ್ಟುತ್ತಾ ಹೋಗುತ್ತೇನೆ. ಗಟ್ಟಿ ಮರ ಟಕ್ ಟಕ್ ಅನ್ನುತ್ತದೆ. ಒಳಗೆ ಅಂಟು ಬಿಟ್ಟ ಕಡೆ ಸದ್ದು ಸಡಿಲವಾಗುತ್ತದೆ. ನೀರಲ್ಲಿ ನೆನೆದ ಡೆಕ್ ಹೊರಗೆ ಒಣಗಿ ಚೆನ್ನಾಗಿ ಕಂಡರೂ ಈ ಸದ್ದಿನಲ್ಲಿ ಸಿಕ್ಕಿಬೀಳುವುದು ಹೆಚ್ಚು.

ಸೊಟ್ಟ ನೋಡುವ ಕೆಲಸಕ್ಕೆ ನನ್ನ ಹತ್ತಿರ ಎರಡು ಸ್ಟೀಲ್ ಸ್ಕೇಲ್ ಇವೆ. ಡೆಕ್ಕಿನ ಮೇಲ್ಭಾಗ ತಟ್ಟೆಯ ಹಾಗೆ ನಡುವೆ ತಗ್ಗಿ, ಎರಡೂ ಪಕ್ಕ ಎದ್ದಿರುತ್ತದಲ್ಲ, ಆ ಎದ್ದ ಪಕ್ಕಗಳ ಮೇಲೆ ಅಡ್ಡಡ್ಡ ಒಂದು ಸ್ಕೇಲು ಮುಂದಿನ ಟ್ರಕ್ ತೂತಿನ ಹತ್ತಿರ, ಇನ್ನೊಂದು ಹಿಂದಿನದರ ಹತ್ತಿರ ಇಡುತ್ತೇನೆ. ಒಂದು ಕಣ್ಣು ಮುಚ್ಚಿ, ಬಾಲದ ಕಡೆಯಿಂದ ಎರಡೂ ಸ್ಕೇಲಿನ ಅಂಚು ಒಂದೇ ಗೆರೆಗೆ ಬರುತ್ತದಾ ಅಂತ ನೋಡುವುದು. ಒಂದು ಪಕ್ಕ ಗೆರೆ ಕೂಡಿ ಇನ್ನೊಂದು ಪಕ್ಕ ಬೆಳಕು ಕಂಡರೆ ಹಲಗೆ ತಿರುಚಿಕೊಂಡಿದೆ. ಗೋಡೆಗೆ ಓರೆಯಾಗಿ ಒರಗಿಸಿಟ್ಟು ವರ್ಷಗಟ್ಟಲೆ ಮರೆತ ಡೆಕ್ಕುಗಳಲ್ಲಿ ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಗೋಡೆಗೆ ತೂಗುಹಾಕಿದರೆ ಕಾಣುವುದಿಲ್ಲ, ನಿಜ. ಆದರೂ ನಾನು ಬೆಲೆ ಇಳಿಸುತ್ತೇನೆ.

ಇನ್ನು ಬಾಲ. ಆ ಕಾಲದ ಹುಡುಗರು ಬೋರ್ಡ್ ನಿಲ್ಲಿಸುತ್ತಿದ್ದದ್ದು ಬಾಲವನ್ನು ರಸ್ತೆಗೆ ಉಜ್ಜಿ. ಉಜ್ಜಿ ಉಜ್ಜಿ ಪದರಗಳು ಒಂದೊಂದಾಗಿ ಸವೆದು ಕತ್ತಿಯ ಅಲಗಿನಂತಾಗುತ್ತವೆ. ಅದಕ್ಕೇ ‘ರೇಜರ್ ಟೇಲ್’ ಅಂತ ಹೆಸರು. ಪ್ಲಾಸ್ಟಿಕ್ಕಿನ ಸ್ಕಿಡ್ ಪ್ಲೇಟ್ ಹಾಕಿದ್ದವರ ಡೆಕ್ ಉಳಿದಿದೆ, ಅದರ ತೂತುಗಳು ಮಾತ್ರ ಇರುತ್ತವೆ. ರೇಜರ್ ಟೇಲ್ ಕಣ್ಣಿಗೆ ಕಾಣುವ ದೋಷ, ಅದಕ್ಕೆ ಬೆಲೆ ಕಟ್ಟಬಹುದು. ಕಷ್ಟ ಬರುವುದು ಯಾರೋ ಸವೆದ ತುದಿಯನ್ನು ಗರಗಸದಲ್ಲಿ ಕೊಯ್ದು, ಮತ್ತೆ ದುಂಡಗೆ ಮಾಡಿದಾಗ. ಅಂಥ ಕಡೆ ಅಂಚಿನ ಮರ ಉಳಿದ ಅಂಚಿಗಿಂತ ಬೆಳ್ಳಗಿರುತ್ತದೆ, ಚಿತ್ರದ ಕೆಳಗಿನ ಅಕ್ಷರ ಅಂಚಿಗೆ ತೀರಾ ಹತ್ತಿರ ಬಂದಿರುತ್ತದೆ. ಅನುಮಾನ ಬಂದರೆ ಹಿಂದಿನ ಟ್ರಕ್ ತೂತಿನಿಂದ ಬಾಲದ ತುದಿಯವರೆಗೆ ಟೇಪಿನಲ್ಲಿ ಅಳೆದು, ಅದೇ ಮಾದರಿಯ ಗಟ್ಟಿ ಡೆಕ್ಕಿನ ಅಳತೆಯ ಜೊತೆ ಹೋಲಿಸುತ್ತೇನೆ. ನನ್ನ ನೋಟ್‌ಬುಕ್ಕಿನ ಅರ್ಧ ಇಂಥ ಅಳತೆಗಳೇ.

ಅಳತೆಯ ಮಾತು ಬಂತಲ್ಲ, ಟ್ರಕ್ ತೂತುಗಳನ್ನೂ ಅಳೆಯಿರಿ. ಹಳೇ ಡೆಕ್ಕಿನಲ್ಲಿ ಉದ್ದದ ದಿಕ್ಕಿನಲ್ಲಿ ತೂತಿನಿಂದ ತೂತಿಗೆ 2.5 ಇಂಚು. ತೊಂಬತ್ತರ ದಶಕದ ಆರಂಭದಲ್ಲಿ ಅದು 2.125 ಇಂಚಿಗೆ ಇಳಿಯಿತು. 1985ರದು ಅಂತ ಹೇಳಿ 2.125 ಅಳತೆಯ ತೂತು ತೋರಿಸಿದರೆ ಮುಂದೆ ಮಾತಾಡುವ ಅಗತ್ಯವೇ ಇಲ್ಲ. ಎರಡೂ ಅಳತೆಯ ತೂತುಗಳಿದ್ದರೆ ಅದು ಕಂಪನಿಯೇ ಈಚೆಗೆ ಮರುಮುದ್ರಿಸಿದ ರೀಇಶ್ಯೂ ಇರಬಹುದು, ಇಲ್ಲವೇ ಹಿಂದಿನ ಮಾಲೀಕ ಹೊಸ ಟ್ರಕ್ಕಿಗಾಗಿ ಕೊರೆದದ್ದಿರಬಹುದು. ಕೈಯಲ್ಲಿ ಕೊರೆದ ತೂತಿನ ಸುತ್ತ ನಾರು ಎದ್ದಿರುತ್ತದೆ, ಸಾಲೂ ಕೊಂಚ ಡೊಂಕು. ರೀಇಶ್ಯೂ ಕೊಳ್ಳುವುದು ತಪ್ಪಲ್ಲ, ನನ್ನ ಗೋಡೆಯ ಮೇಲೂ ಇದೆ. ಹಳೆಯದರ ಬೆಲೆ ಕೊಟ್ಟು ಕೊಳ್ಳಬಾರದು, ಅಷ್ಟೇ.

ಇಷ್ಟಾದ ಮೇಲೆ ಡೆಕ್ ಮಗುಚಿ ಚಿತ್ರಕ್ಕೆ ಬರುತ್ತೇನೆ. ಟಾರ್ಚನ್ನು ಪಕ್ಕದಿಂದ, ಹಲಗೆಗೆ ಸಮಾನಾಂತರವಾಗಿ ಹಿಡಿದರೆ ಸ್ಕ್ರೀನ್ ಪ್ರಿಂಟಿನ ಒಂದೊಂದು ಬಣ್ಣವೂ ಪ್ರತ್ಯೇಕ ಪದರವಾಗಿ ಎದ್ದು ಕಾಣುತ್ತದೆ. ಕಪ್ಪು ಗೆರೆ ಕೆಂಪಿನ ಮೇಲೆ ಏರುವ ಕಡೆ ಉಗುರಿಗೆ ಸಣ್ಣ ಮೆಟ್ಟಿಲು ಸಿಗುತ್ತದೆ. ಒಂದು ಬಣ್ಣ ಕೂದಲೆಳೆಯಷ್ಟು ಸರಿದು ಕೂತಿದ್ದರೆ ಗಾಬರಿ ಬೇಡ, ಸ್ಕ್ರೀನ್ ಪ್ರಿಂಟಿನಲ್ಲಿ ಅದು ಮಾಮೂಲು. ಕುಂಚದ ಗೆರೆ ಕಂಡರೆ, ಇಲ್ಲವೇ ಎಲ್ಲ ಬಣ್ಣವೂ ಒಂದೇ ನುಣುಪಾದ ಪೊರೆಯಲ್ಲಿದ್ದರೆ ನಿಲ್ಲಿಸಿ ಕೇಳಬೇಕು.

ಓಡಿಸಿದ ಡೆಕ್ಕಿನಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬರುವುದು ರೇಲುಗಳ ಗುರುತು. ಚಿತ್ರ ಉಳಿಯಲಿ ಅಂತ ಅಡಿಯಲ್ಲಿ ಎರಡು ಪ್ಲಾಸ್ಟಿಕ್ ಪಟ್ಟಿ ಸ್ಕ್ರೂ ಹಾಕಿ ಕೂರಿಸುತ್ತಿದ್ದರು. ಪಟ್ಟಿ ಬಿಚ್ಚಿದರೆ ಅದರ ಕೆಳಗೆ, ಹಾಗೆಯೇ ಟ್ರಕ್ಕಿನ ಬುಡದ ಕೆಳಗೆ, ಬಿಸಿಲು ಕಾಣದ ಮೂಲ ಬಣ್ಣ ಇರುತ್ತದೆ. ಹೊರಗಿನ ಬಣ್ಣ ಎಷ್ಟು ಮಾಸಿದೆ ಅಂತ ಅಲ್ಲೇ ಹೋಲಿಸಬಹುದು. ಫ್ಲೋರೊಸೆಂಟ್ ಗುಲಾಬಿಯಂಥವು ಬಲು ಬೇಗ ಬಿಳಿಚಿಕೊಳ್ಳುತ್ತವೆ. ಬಾಲ ಸವೆದಿದೆ, ಮೈತುಂಬ ಗೀರಿದೆ, ಆದರೆ ರೇಲಿನ ಒಳಗೂ ಹೊರಗೂ ಬಣ್ಣ ಒಂದೇ ಸಮ ಅಂದರೆ ನನಗೆ ನಂಬಿಕೆ ಬರುವುದಿಲ್ಲ. ಆಗ ರೇಲಿನ ಸ್ಕ್ರೂ ತೂತಿನೊಳಗೆ ಇಣುಕುತ್ತೇನೆ. ಆ ತೂತು ಮಾಡಿದ್ದು ಕೊಂಡವನು, ಪ್ರಿಂಟ್ ಆದ ಮೇಲೆ. ಅದರ ಒಳಗೋಡೆಗೆ ಬಣ್ಣ ಹತ್ತಿದ್ದರೆ ಯಾರೋ ಆಮೇಲೆ ಬಳಿದಿದ್ದಾರೆ ಅಂತ ಲೆಕ್ಕ.

ಶ್ರಿಂಕ್ ರ‍್ಯಾಪ್ ಇದೆ ಅಂತ ಹಿಗ್ಗುವವರನ್ನು ಕಂಡರೆ ನನಗೆ ನಗು. ಪ್ಲಾಸ್ಟಿಕ್ ಹಾಳೆ, ಒಂದು ಹೀಟ್ ಗನ್ ಇದ್ದರೆ ಯಾರು ಬೇಕಾದರೂ ಸುತ್ತಬಹುದು. ಗ್ರಿಪ್ ಟೇಪ್ (ಕಾಲು ಜಾರದಂತೆ ಮೇಲೆ ಹಚ್ಚುವ ಒರಟು ಹಾಳೆ) ಅಂಟಿರುವ ಡೆಕ್ಕಿನದು ಬೇರೆ ತಾಪತ್ರಯ: ಮೇಲಿನ ಬಿರುಕು ಅದರಡಿ ಅಡಗಿರುತ್ತದೆ, ಕಿತ್ತರೆ ಬಣ್ಣದ ವೆನೀರಿನ (ಮೇಲಿನ ತೆಳು ಮರದ ಪದರದ) ನಾರೂ ಜೊತೆಗೆ ಬರಬಹುದು. ನಾನು ಕೀಳುವುದಿಲ್ಲ. ಹಳೇ ಸ್ಟಿಕ್ಕರುಗಳನ್ನೂ ಹಾಗೆಯೇ ಬಿಡುತ್ತೇನೆ. ಶುದ್ಧ ಮಾಡಿ ಮಿರಮಿರ ಮಿಂಚಿಸಿದ ಡೆಕ್ಕಿಗಿಂತ, ಗೀರು ಬಿದ್ದು ಯಾರೂ ಕೈ ಹಾಕದ ಡೆಕ್ಕಿಗೆ ನಾನು ಹೆಚ್ಚು ಕೊಡುತ್ತೇನೆ; ಮೊದಲನೆಯದರಲ್ಲಿ ಏನೇನು ಮುಚ್ಚಿದ್ದಾರೋ, ಎರಡನೆಯದರಲ್ಲಿ ಎಲ್ಲವೂ ಕಣ್ಣೆದುರಿಗಿದೆ. ಮನೆಯವಳಿಗೆ ಈ ವಾದ ಹಿಡಿಸಿಲ್ಲ. “ತೂತು ಬಿದ್ದ ಹಲಗೆಗೆ ಇಷ್ಟು ದುಡ್ಡು ಕೊಡೋರು ನೀವೊಬ್ರೇ ಕಣ್ರೀ” ಅನ್ನುತ್ತಾಳೆ.

ದೂರದಿಂದ ಕೊಳ್ಳುವಾಗ ಮಾರುವವರ ಹತ್ತಿರ ಕೆಲವು ಫೋಟೋ ಕೇಳಿ ತರಿಸಿಕೊಳ್ಳುತ್ತೇನೆ: ಮೇಜಿನ ಮೇಲಿಟ್ಟು ಪಕ್ಕದಿಂದ ತೆಗೆದದ್ದು, ಬಾಲದ ಅಂಚು ಹತ್ತಿರದಿಂದ, ಟ್ರಕ್ ತೂತಿನ ಮೇಲೆ ಸ್ಕೇಲ್ ಇಟ್ಟದ್ದು, ಪಕ್ಕದ ಬೆಳಕಿನಲ್ಲಿ ಚಿತ್ರ. ಅಡ್ಡ ಬೆಳಕು ಅಂದರೆ ಏನಂತ ಅರ್ಥವಾಗದಿದ್ದರೆ ಕಿಟಕಿ ಪಕ್ಕ ಹಿಡಿದು ತೆಗೆಯಿರಿ ಅನ್ನುತ್ತೇನೆ. ಚಿತ್ರದ ಫೋಟೋ ಎಲ್ಲರೂ ಒಂದಕ್ಕೆ ನಾಲ್ಕು ಕಳಿಸುತ್ತಾರೆ. ಬಾಲದ ಫೋಟೋ ಎರಡು ಸಲ ಕೇಳಿದರೂ ಬಾರದಿದ್ದರೆ ಆ ಡೆಕ್ಕಿನ ಆಸೆ ಬಿಡುತ್ತೇನೆ.