ಮಳೆಗೆ ಮುಂಚೆ ತುಂಬಬೇಕಾದ ಉಗ್ರಾಣ: ದಕ್ಷಿಣ ಸುಡಾನಿನಲ್ಲಿ ನನ್ನ ಅನುಭವ

ಯುದ್ಧ ನಡೆಯುತ್ತಿರುವ ನಾಡಿನಲ್ಲಿ ಆರೋಗ್ಯ ವ್ಯವಸ್ಥೆ ಹೇಗೆ ಕುಸಿಯುತ್ತದೆ ಎಂಬುದನ್ನು ನಾನು ಔಷಧ ಉಗ್ರಾಣದಲ್ಲಿ ನಿಂತು ಕಂಡವನು. ಹುಟ್ಟೂರು ಕುಮಟಾ, ಈಗಿರುವುದು ಕಾರವಾರ, ವೃತ್ತಿಯಿಂದ ಫಾರ್ಮಸಿಸ್ಟ್. ಜೊಯಿಡಾ ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ಕೆಲವು ವರ್ಷ ದುಡಿದ ಬಳಿಕ ಅಂತರರಾಷ್ಟ್ರೀಯ ವೈದ್ಯಕೀಯ ನೆರವಿನ ಸಂಸ್ಥೆಯೊಂದರ ಮೂಲಕ ದಕ್ಷಿಣ ಸುಡಾನಿಗೆ ಹೋದೆ. 2011ರ ಜುಲೈ 9ರಂದು ಸ್ವತಂತ್ರವಾದ ಆ ದೇಶದಲ್ಲಿ 2013ರ ಡಿಸೆಂಬರ್‌ನಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. 2018ರಲ್ಲಿ ಶಾಂತಿ ಒಪ್ಪಂದವಾದ ಮೇಲೂ ಹಿಂಸೆ ಪೂರ್ತಿಯಾಗಿ ನಿಲ್ಲಲಿಲ್ಲ. ನಾನಿದ್ದದ್ದು ಬಿಳಿ ನೈಲ್ ನದಿಯ ಜೌಗು ಪ್ರದೇಶದ ಅಂಚಿನ ಒಂದು ಪಟ್ಟಣದಲ್ಲಿ. ಶಸ್ತ್ರಚಿಕಿತ್ಸಕರಲ್ಲದವರಿಗೆ ಅಂಥ ಕಡೆ ಏನು ಕೆಲಸವೆಂದು ನಮ್ಮ ಜಿಲ್ಲೆಯ ಕಿರಿಯ ಫಾರ್ಮಸಿಸ್ಟರೂ ನರ್ಸುಗಳೂ ಆಗಾಗ ಕೇಳುವುದರಿಂದ, ನಾನು ಮಾಡಿದ ಕೆಲಸವನ್ನು ಇಲ್ಲಿ ವಿವರಿಸುತ್ತಿದ್ದೇನೆ.

ಆಸ್ಪತ್ರೆಯ ಮೇಲೆ ಬಾಂಬು ಬಿದ್ದರೆ ಅದು ಸುದ್ದಿಯಾಗುತ್ತದೆ. ಆದರೆ ಬಾಂಬು ಬೀಳದ ಆಸ್ಪತ್ರೆಗಳೂ ಯುದ್ಧದಲ್ಲಿ ಸಾಯುತ್ತವೆ. ಮೊದಲು ನೌಕರರ ಸಂಬಳ ನಿಲ್ಲುತ್ತದೆ, ಅನುಭವಸ್ಥ ನರ್ಸು ಊರು ಬಿಟ್ಟು ಹೋಗುತ್ತಾಳೆ, ಲಾರಿ ಚಾಲಕ ದಾರಿಯ ತಪಾಸಣಾ ಠಾಣೆಗಳಿಗೆ ಹೆದರಿ ಬರುವುದನ್ನು ಬಿಡುತ್ತಾನೆ, ಡೀಸೆಲ್ ಮುಗಿದು ಜನರೇಟರ್ ನಿಂತ ಮೇಲೆ ಫ್ರಿಜ್ಜಿನೊಳಗಿನ ಲಸಿಕೆ ಬೆಚ್ಚಗಾಗುತ್ತದೆ. ಆಮೇಲೆ ಬಂದ ರೋಗಿಗೆ ಕಟ್ಟಡವಿರುತ್ತದೆ, ಮಂಚವಿರುತ್ತದೆ, ಔಷಧ ಇರುವುದಿಲ್ಲ. ನಾನಿದ್ದ ಕಡೆ ಗುಂಡೇಟಿನಿಂದ ಸತ್ತವರಿಗಿಂತ ಮಲೇರಿಯಾ, ಅತಿಸಾರ, ನ್ಯುಮೋನಿಯಾ, ಅಪೌಷ್ಟಿಕತೆ ಮತ್ತು ಹೆರಿಗೆಯ ತೊಡಕುಗಳಿಂದ ಸತ್ತವರೇ ಹೆಚ್ಚು. ಅವರನ್ನು ಯುದ್ಧದಿಂದ ಸತ್ತವರೆಂದು ಯಾರೂ ಎಣಿಸುವುದಿಲ್ಲ. ಎಣಿಸಬೇಕೆಂದು ನಾನು ದೃಢವಾಗಿ ನಂಬಿದ್ದೇನೆ.

ಅಲ್ಲಿ ಮಳೆ ಸುಮಾರಾಗಿ ಮೇ ತಿಂಗಳಲ್ಲಿ ಹಿಡಿದು ಅಕ್ಟೋಬರ್‌ವರೆಗೂ ಇರುತ್ತದೆ. ಮಣ್ಣು ಎರೆಮಣ್ಣು, ರಸ್ತೆಗಳು ಕಚ್ಚಾ. ಎರಡು ಮಳೆ ಬಿದ್ದರೆ ಲಾರಿಯ ಗಾಲಿ ಅಚ್ಚಿನವರೆಗೆ ಹೂತುಹೋಗುತ್ತದೆ. ಅಣಶಿ ಘಟ್ಟದಲ್ಲಿ ಗುಡ್ಡ ಕುಸಿದು ದಾರಿ ಕಟ್ಟುವುದನ್ನೂ, ಮಳೆಗಾಲದಲ್ಲಿ ಜೊಯಿಡಾದ ಒಳಗಿನ ಹಳ್ಳಿಗಳು ಹಳ್ಳ ಬಂದು ತುಂಡಾಗುವುದನ್ನೂ ಕಂಡಿದ್ದ ನನಗೆ ಈ ಲೆಕ್ಕ ಹೊಸದಾಗಿರಲಿಲ್ಲ. ನನಗೆ ಕೆಲಸ ಕಲಿಸಿದ ಹಿರಿಯರು, “ತಮ್ಮಾ, ಮೃಗಶಿರಾ ಮಳೆ ಕೂಡುವುದರೊಳಗೆ ಉಪಕೇಂದ್ರಗಳಿಗೆಲ್ಲ ಸ್ಟಾಕು ಹೋಗಿ ಮುಟ್ಟಿರಬೇಕು, ಆಮೇಲೆ ಇಂಡೆಂಟ್ (ಔಷಧದ ಬೇಡಿಕೆ ಪಟ್ಟಿ) ಬರೆದರೆ ಕಾಗದ ಮಾತ್ರ ಹೋಗುತ್ತದೆ” ಎನ್ನುತ್ತಿದ್ದರು. ಅವರ ಆ ಮಾತನ್ನೇ ನಾನು ದಕ್ಷಿಣ ಸುಡಾನಿನಲ್ಲಿ ವರ್ಷದ ಯೋಜನೆಯಾಗಿ ಮಾಡಿಕೊಂಡೆ. ವ್ಯತ್ಯಾಸವೆಂದರೆ, ಇಲ್ಲಿ ಜಿಲ್ಲಾ ಉಗ್ರಾಣ ಒಂದು ದಿನದ ದಾರಿಯಲ್ಲಿದೆ; ಅಲ್ಲಿ ಔಷಧ ಕೀನ್ಯಾದ ಮೊಂಬಾಸಾ ಬಂದರಿನಲ್ಲಿ ಇಳಿದು, ಉಗಾಂಡಾ ದಾಟಿ, ರಾಜಧಾನಿ ಜುಬಾ ತಲುಪಿ, ಅಲ್ಲಿಂದ ನಮ್ಮ ಕಡೆಗೆ ಬರಬೇಕು. ಹೀಗಾಗಿ ಮುಂದಿನ ಮಳೆಗಾಲಕ್ಕೆ ಬೇಕಾದುದನ್ನು ಹಿಂದಿನ ಮಳೆ ನಿಲ್ಲುವ ಮೊದಲೇ ಲೆಕ್ಕ ಹಾಕಿ ಕಳಿಸಬೇಕಾಗುತ್ತಿತ್ತು.

ಈ ಲೆಕ್ಕವೇ ನನ್ನ ಕೆಲಸದ ಜೀವಾಳ. ಊರಿನಲ್ಲಿ ನಾವು ಕಳೆದ ತಿಂಗಳುಗಳ ಸರಾಸರಿ ಖರ್ಚನ್ನು ತೆಗೆದು, ಸರಕು ಬರಲು ಹಿಡಿಯುವ ತಿಂಗಳುಗಳಿಂದ ಗುಣಿಸಿ, ಮೇಲೊಂದಿಷ್ಟು ಆಪತ್ಕಾಲದ ದಾಸ್ತಾನು ಸೇರಿಸಿ ಇಂಡೆಂಟ್ ಬರೆಯುತ್ತೇವೆ. ಯುದ್ಧದ ನಾಡಿನಲ್ಲಿ ಕಳೆದ ತಿಂಗಳ ಖರ್ಚನ್ನು ಹಾಗೆಯೇ ನಂಬಬಾರದು. ಖರ್ಚು ಕಡಿಮೆಯಾಗಿದ್ದರೆ ಕಾಯಿಲೆ ಕಡಿಮೆಯಾಗಿತ್ತೆಂದಲ್ಲ, ಗುಂಡಿನ ಭಯಕ್ಕೆ ತಾಯಂದಿರು ಮಕ್ಕಳನ್ನು ಹೊತ್ತು ಬರಲಾಗದೆ ಹೋಗಿರಬಹುದು, ಅಥವಾ ಔಷಧವೇ ಮುಗಿದುಹೋಗಿ ಕೊಡಲು ಏನೂ ಇರದೆ ಇದ್ದಿರಬಹುದು. ಆದ್ದರಿಂದ ಒಂದು ಔಷಧ ತಿಂಗಳಲ್ಲಿ 20 ದಿನ ಮಾತ್ರ ಸ್ಟಾಕಿನಲ್ಲಿದ್ದರೆ, ಆ ತಿಂಗಳ ಖರ್ಚನ್ನು 20ರಿಂದ ಭಾಗಿಸಿ 30ರಿಂದ ಗುಣಿಸುತ್ತಿದ್ದೆ. ಜೊತೆಗೆ ಸುತ್ತಲಿನ ಜನಸಂಖ್ಯೆ, ಐದು ವರ್ಷದೊಳಗಿನ ಮಕ್ಕಳ ಪಾಲು, ಮಳೆಯ ಬಳಿಕ ಏರುವ ಮಲೇರಿಯಾದ ಪ್ರಮಾಣ ಇವನ್ನಿಟ್ಟು ಎರಡನೆಯ ಲೆಕ್ಕವೊಂದನ್ನು ಹಾಕಿ, ಎರಡರಲ್ಲಿ ದೊಡ್ಡದನ್ನು ಆರಿಸುತ್ತಿದ್ದೆ. ಉದಾಹರಣೆಗೆ, ತೀವ್ರ ಮಲೇರಿಯಾ ತಗುಲಿದ 10 ಕಿಲೋ ತೂಕದ ಮಗುವಿಗೆ ಆರ್ಟಿಸುನೇಟ್ ಚುಚ್ಚುಮದ್ದು ಪ್ರತಿ ಕಿಲೋಗೆ 3 ಮಿಲಿಗ್ರಾಂನಂತೆ ಮೊದಲ 24 ಗಂಟೆಗಳಲ್ಲಿ ಮೂರು ಸಲ ಬೇಕು. 60 ಮಿಲಿಗ್ರಾಂನ ಸಣ್ಣ ಶೀಶೆ, ಅಂದರೆ ವಯಲ್‌ನಲ್ಲಿ ಅರ್ಧ ಉಳಿದರೂ ಅದನ್ನು ಮುಂದಿನ ಡೋಸಿಗೆ ಇಡುವಂತಿಲ್ಲವಾದ್ದರಿಂದ, ಮಗುವೊಂದಕ್ಕೆ ಕನಿಷ್ಠ ಮೂರು ವಯಲ್ ಎಂದೇ ಹಿಡಿಯಬೇಕು. ಮಿಲಿಗ್ರಾಂ ಲೆಕ್ಕದಲ್ಲಿ ಇಂಡೆಂಟ್ ಬರೆದರೆ ಸೆಪ್ಟೆಂಬರ್ ಬರುವುದರೊಳಗೆ ಕಪಾಟು ಬರಿದಾಗುತ್ತದೆ.

ಮಳೆ ಹಿಡಿದ ಮೇಲೆ ನಮಗೆ ಉಳಿಯುತ್ತಿದ್ದದ್ದು ಮಣ್ಣಿನ ಓಡುದಾರಿಯಲ್ಲಿ ಇಳಿಯಬಲ್ಲ ಸಣ್ಣ ವಿಮಾನ, ಅದೂ ನೆಲ ಒಣಗಿದ್ದ ದಿನ ಮಾತ್ರ. ಅದು ಸುಮಾರು ಒಂದು ಟನ್ ಹೊರುತ್ತದೆ. ಔಷಧವನ್ನು ಬೆಲೆಯಿಂದ ಅಳೆಯುವುದನ್ನು ಬಿಟ್ಟು ತೂಕದಿಂದ ಅಳೆಯಲು ನಾನು ಕಲಿತದ್ದು ಅಲ್ಲಿಯೇ. ತೀವ್ರ ಅಪೌಷ್ಟಿಕತೆಯ ಮಕ್ಕಳಿಗೆ ಕೊಡುವ, ಶೇಂಗಾ ಪೇಸ್ಟ್, ಹಾಲಿನ ಪುಡಿ, ಸಕ್ಕರೆ, ಎಣ್ಣೆಗಳಿಂದ ಮಾಡಿದ ಪೌಷ್ಟಿಕ ಪೊಟ್ಟಣ 92 ಗ್ರಾಂ ಇರುತ್ತದೆ, ಅದರಲ್ಲಿ 500 ಕಿಲೋ ಕ್ಯಾಲೊರಿ ಇದೆ; 150 ಪೊಟ್ಟಣಗಳ ಒಂದು ಪೆಟ್ಟಿಗೆ ಹೆಚ್ಚುಕಡಿಮೆ ಒಂದು ಮಗುವಿನ ಪೂರ್ತಿ ಚಿಕಿತ್ಸೆಗೆ ಸಾಕು. ಪೆಟ್ಟಿಗೆಯ ತೂಕ 15 ಕಿಲೋದ ಆಸುಪಾಸು. ಅಂದರೆ ವಿಮಾನದ ತುಂಬ ಇದನ್ನೇ ತುಂಬಿದರೂ 66 ಮಕ್ಕಳಿಗಷ್ಟೇ ಆಯಿತು, ಹೆರಿಗೆ ಕೋಣೆಗೂ ಆಪರೇಷನ್ ಕೋಣೆಗೂ ಏನೂ ಬರಲಿಲ್ಲ. ಈ ಕಾರಣಕ್ಕೆ ಪೌಷ್ಟಿಕ ಪೊಟ್ಟಣ, ಸಾಬೂನು, ರಕ್ತನಾಳಕ್ಕೆ ಹನಿಸುವ ಸಲಾಯಿನ್ ಆದ ರಿಂಗರ್ ಲ್ಯಾಕ್ಟೇಟ್ ಬಾಟಲಿ, ಬ್ಯಾಂಡೇಜು ಬಟ್ಟೆ ಮುಂತಾದ ಭಾರದ ಸಾಮಾನನ್ನೆಲ್ಲ ಒಣಹವೆಯಲ್ಲಿ ಲಾರಿ ಮತ್ತು ದೋಣಿಯಿಂದಲೇ ತರಿಸಿ, ವಿಮಾನವನ್ನು ಹಗುರಾದ, ಬೆಲೆಯುಳ್ಳ, ತಂಪು ಬೇಡುವ ಔಷಧಗಳಿಗೆ ಮೀಸಲಿಟ್ಟೆ.

ವಾಂತಿಭೇದಿಯ ವಿಚಾರದಲ್ಲಿ ಈ ತೂಕದ ಲೆಕ್ಕ ನೇರವಾಗಿ ಪ್ರಾಣಕ್ಕೆ ಮುಟ್ಟುತ್ತದೆ. ಕಾಲರಾದಿಂದ ತೀವ್ರವಾಗಿ ಬತ್ತಿಹೋದ ವಯಸ್ಕನಿಗೆ ಪ್ರತಿ ಕಿಲೋ ತೂಕಕ್ಕೆ 100 ಮಿಲಿಲೀಟರ್‌ನಂತೆ ಮೂರು ಗಂಟೆಗಳಲ್ಲಿ ರಿಂಗರ್ ಲ್ಯಾಕ್ಟೇಟ್ ಕೊಡಬೇಕು. ಮುಂದಿನ ಭೇದಿಯನ್ನೂ ಹಿಡಿದರೆ ಎಂಟು ಹತ್ತು ಲೀಟರ್ ಬೇಕಾದೀತು. ಒಂದು ಟನ್ ಸಲಾಯಿನ್ ನೂರು ರೋಗಿಗಳಲ್ಲಿ ಮುಗಿದುಹೋಗುತ್ತದೆ. ಆದರೆ ಒಂದು ಲೀಟರ್ ನೀರಿಗೆ ಬೆರೆಸುವ ಓಆರ್‌ಎಸ್ ಪುಡಿಯ ತೂಕ 20.5 ಗ್ರಾಂ: ಗ್ಲೂಕೋಸ್ 13.5, ಉಪ್ಪು 2.6, ಟ್ರೈಸೋಡಿಯಂ ಸಿಟ್ರೇಟ್ 2.9, ಪೊಟ್ಯಾಸಿಯಂ ಕ್ಲೋರೈಡ್ 1.5. ಅದೇ ಒಂದು ಟನ್ನಿನಲ್ಲಿ 40 ಸಾವಿರ ಲೀಟರಿಗೂ ಹೆಚ್ಚು ದ್ರಾವಣಕ್ಕೆ ಬೇಕಾದ ಪುಡಿ ಬರುತ್ತದೆ. ಇದರ ಬಲವನ್ನು ಜಗತ್ತಿಗೆ ತೋರಿಸಿದ್ದು ಯುದ್ಧಕಾಲದ ನಮ್ಮ ದೇಶದ ಆಸ್ಪತ್ರೆಯೇ ಎಂಬುದನ್ನು ನಾನು ಅಲ್ಲಿನ ಆರೋಗ್ಯ ಕಾರ್ಯಕರ್ತರಿಗೆ ಹೆಮ್ಮೆಯಿಂದ ಹೇಳುತ್ತಿದ್ದೆ. 1971ರಲ್ಲಿ ಬಾಂಗ್ಲಾ ವಿಮೋಚನಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾದಿಂದ ಸಾಯುತ್ತಿದ್ದಾಗ, ಸಲಾಯಿನ್ ಮುಗಿಯುತ್ತ ಬಂದ ಸಂದರ್ಭದಲ್ಲಿ, ಡಾ. ದಿಲೀಪ್ ಮಹಾಲನೊಬಿಸ್ ಅವರು ಗ್ಲೂಕೋಸ್, ಉಪ್ಪು, ಅಡುಗೆ ಸೋಡಾಗಳ ದ್ರಾವಣವನ್ನು ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ಶೇಕಡಾ 30ರಷ್ಟಿದ್ದ ಸಾವು ಶೇಕಡಾ 3.6ಕ್ಕೆ ಇಳಿಯಿತು. ನಮ್ಮಲ್ಲಿಯೂ ವೈದ್ಯರೊಂದಿಗೆ ಕುಳಿತು ಮೊದಲೇ ನಿಯಮ ಬರೆದಿಟ್ಟಿದ್ದೆವು: ಕುಡಿಯಬಲ್ಲವರಿಗೆಲ್ಲ ಓಆರ್‌ಎಸ್, ಸಲಾಯಿನ್ ಏನಿದ್ದರೂ ಕುಡಿಯಲಾಗದವರಿಗೆ. ದಾಸ್ತಾನು ತುಂಬಿರುವಾಗಲೇ ಇಂಥ ನಿಯಮವನ್ನು ಬರೆದಿಡಬೇಕು. ಖಾಲಿಯಾದ ಮೇಲೆ ಬರೆಯಹೊರಟರೆ ಅದು ರೋಗಿಗಳ ನಡುವೆ ಆಯ್ಕೆ ಮಾಡಿದಂತಾಗುತ್ತದೆ.

ಬಿಸಿಲಿನಲ್ಲಿ ತಗಡಿನ ಗೋದಾಮಿನ ಒಳಗೆ ಉಷ್ಣಾಂಶ 40 ಡಿಗ್ರಿ ದಾಟುತ್ತಿತ್ತು. ಲಸಿಕೆ ಮತ್ತು ಆಕ್ಸಿಟೋಸಿನ್‌ಗೆ 2ರಿಂದ 8 ಡಿಗ್ರಿ ಬೇಕು. ಸೋಲಾರ್ ಫ್ರಿಜ್ಜಿನ ಸ್ಥಳವನ್ನು ಬೇರಾವ ಔಷಧಕ್ಕೂ ಬಿಟ್ಟುಕೊಡದೆ, ಬೆಳಿಗ್ಗೆ ಸಂಜೆ ಉಷ್ಣಾಂಶ ಬರೆದಿಡುವ ಪದ್ಧತಿಯನ್ನು ಊರಿನಲ್ಲಿ ಲಸಿಕೆಯ ಫ್ರಿಜ್ಜಾದ ಐಎಲ್‌ಆರ್‌ಗೆ ಮಾಡುತ್ತಿದ್ದಂತೆಯೇ ಇಟ್ಟುಕೊಂಡೆ. ಫ್ರಿಜ್ಜಿಲ್ಲದ ದೂರದ ಕೇಂದ್ರಗಳಿಗೆ, ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು, ತಂಪು ಬೇಡದ ಮಿಸೊಪ್ರೊಸ್ಟಾಲ್ ಮಾತ್ರೆ ಕಳಿಸುತ್ತಿದ್ದೆವು. ಇನ್ಸುಲಿನ್ ಬಗ್ಗೆ ಒಂದು ಮಾತು ಹೇಳಲೇಬೇಕು. ಮನೆಯಲ್ಲಿ ಫ್ರಿಜ್ಜಿಲ್ಲವೆಂಬ ಒಂದೇ ಕಾರಣಕ್ಕೆ ನಿರಾಶ್ರಿತ ಶಿಬಿರಗಳಲ್ಲಿ ಮಧುಮೇಹದ ಮಕ್ಕಳು ದಿನವೂ ಚುಚ್ಚುಮದ್ದಿಗಾಗಿ ಆಸ್ಪತ್ರೆಗೆ ನಡೆಯಬೇಕಾಗುತ್ತಿತ್ತು. ಗಡಿರಹಿತ ವೈದ್ಯರ ಸಂಸ್ಥೆಯಾದ ಎಂಎಸ್‌ಎಫ್ ಮತ್ತು ಜಿನೀವಾ ವಿಶ್ವವಿದ್ಯಾಲಯ ಸೇರಿ 2021ರಲ್ಲಿ ಪ್ರಕಟಿಸಿದ ಅಧ್ಯಯನವು, 25ರಿಂದ 37 ಡಿಗ್ರಿಗಳ ನಡುವೆ ಏರಿಳಿಯುವ ಶಾಖದಲ್ಲಿಯೂ ಇನ್ಸುಲಿನ್ ನಾಲ್ಕು ವಾರ ಕೆಡುವುದಿಲ್ಲವೆಂದು ತೋರಿಸಿದ್ದು ಆ ಮಕ್ಕಳ ಪಾಲಿಗೆ ದೊಡ್ಡ ಬಿಡುಗಡೆ.

ಕಳ್ಳತನಕ್ಕಿಂತ ಹೆಚ್ಚಿನ ಭಯ ಲೂಟಿಯದು. 2014ರ ಆರಂಭದಲ್ಲಿ ಲೇರ್ ಪಟ್ಟಣದ ಆಸ್ಪತ್ರೆಯನ್ನು ಲೂಟಿ ಮಾಡಿ ಸುಟ್ಟರು. ಅಲ್ಲಿನ ಸ್ಥಳೀಯ ಸಿಬ್ಬಂದಿ ತೀವ್ರವಾಗಿ ಕಾಯಿಲೆ ಬಿದ್ದಿದ್ದ ರೋಗಿಗಳನ್ನು ಕರೆದುಕೊಂಡು ಪೊದೆಗಾಡಿಗೆ ಓಡಿದರು. ಅದೇ ಫೆಬ್ರವರಿಯಲ್ಲಿ ಮಲಕಾಲ್ ಆಸ್ಪತ್ರೆಯಲ್ಲಿ ರೋಗಿಗಳನ್ನು ಮಂಚದ ಮೇಲೆಯೇ ಕೊಂದರು. ಇದನ್ನು ತಿಳಿದವರು ಇಡೀ ದಾಸ್ತಾನನ್ನು ಒಂದೇ ಸೂರಿನಡಿ ಇಡಲಾರರು. ನಾವು ಮೂರು ಕಡೆ ಹಂಚಿದ್ದೆವು. ಎಲ್ಲಿ ಇಡಬೇಕು, ಯಾವ ದೋಣಿಯವರನ್ನು ನಂಬಬಹುದು ಎಂಬುದನ್ನು ತೀರ್ಮಾನಿಸಿದವರು ಅಲ್ಲಿನ ನುಯೆರ್ ಜನಾಂಗದ ನಮ್ಮ ಉಗ್ರಾಣ ಪಾಲಕರು. ಶಾಲೆ ಅರ್ಧಕ್ಕೆ ನಿಂತಿದ್ದರೂ ಬ್ಯಾಚ್ ನಂಬರಿನಿಂದ ಎಕ್ಸ್‌ಪೈರಿವರೆಗೆ ಎಲ್ಲವೂ ಅವರ ಬಾಯಲ್ಲಿತ್ತು. ಹೊರಗಿನಿಂದ ಹೋದ ನಮ್ಮನ್ನು ಅಪಾಯ ಬಂದರೆ ವಿಮಾನ ಒಯ್ಯುತ್ತದೆ, ಅವರು ಅಲ್ಲಿಯೇ ಉಳಿಯುತ್ತಾರೆ. ಆದ್ದರಿಂದ ಲೆಕ್ಕದ ಕೆಲಸವನ್ನೆಲ್ಲ ಮೊದಲ ದಿನಗಳಿಂದಲೇ ಅವರಿಗೆ ಕಲಿಸುತ್ತ ಬಂದೆ.

ಎಚ್‌ಐವಿ ಮತ್ತು ಕ್ಷಯದ ರೋಗಿಗಳಿಗೆ ಪ್ರತ್ಯೇಕ ಏರ್ಪಾಡಿತ್ತು. ಅವರ ಮಾತ್ರೆ ನಡುವೆ ನಿಂತರೆ ರೋಗಾಣು ಔಷಧಕ್ಕೆ ಬಗ್ಗದಂತಾಗುತ್ತದೆ. ಹೀಗಾಗಿ ಊರು ಶಾಂತವಾಗಿರುವಾಗಲೇ ಪ್ರತಿಯೊಬ್ಬರಿಗೂ ನೀರು ತಾಗದ ಚೀಲದಲ್ಲಿ ಕೆಲವು ತಿಂಗಳ ಮಾತ್ರೆ, ಚಿಕಿತ್ಸೆಯ ವಿವರವಿರುವ ಒಂದು ಕಾರ್ಡು ಹಾಕಿ ಕೊಡುತ್ತಿದ್ದೆವು. ಓಡಬೇಕಾಗಿ ಬಂದರೆ ಅದನ್ನು ಹಿಡಿದು ಓಡಬೇಕು. ತಲುಪಿದ ಊರಿನ ಆರೋಗ್ಯ ಕಾರ್ಯಕರ್ತರು ಕಾರ್ಡು ನೋಡಿ ಮುಂದುವರಿಸುತ್ತಾರೆ. ರೋಗಿಯ ಕೈಗೆ ಅಷ್ಟೊಂದು ಔಷಧ ಕೊಡುವುದು ಸರಿಯಲ್ಲವೆಂದು ಕೆಲವರು ವಾದಿಸುತ್ತಾರೆ. ಓಡಿಹೋಗುವವರ ನಾಡಿನಲ್ಲಿ ಔಷಧ ಇರಬೇಕಾದ ಜಾಗ ರೋಗಿಯ ಕೈಯೇ ಎಂಬುದು ನನ್ನ ಖಚಿತ ಅಭಿಪ್ರಾಯ.

1949ರ ನಾಲ್ಕನೆಯ ಜಿನೀವಾ ಒಡಂಬಡಿಕೆಯ 18ನೆಯ ವಿಧಿಯ ಪ್ರಕಾರ ನಾಗರಿಕ ಆಸ್ಪತ್ರೆಗಳ ಮೇಲೆ ಯಾವ ಸಂದರ್ಭದಲ್ಲಿಯೂ ದಾಳಿ ಮಾಡುವಂತಿಲ್ಲ. ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2016ರ ಮೇ 3ರಂದು 2286ನೆಯ ನಿರ್ಣಯದ ಮೂಲಕ ಇದನ್ನು ಮತ್ತೊಮ್ಮೆ ಸಾರಿತು. ಸರಿಯಾಗಿ ಒಂಬತ್ತು ವರ್ಷಗಳ ಬಳಿಕ, 2025ರ ಮೇ 3ರಂದು, ದಕ್ಷಿಣ ಸುಡಾನಿನ ಓಲ್ಡ್ ಫಂಗಾಕ್‌ನಲ್ಲಿ ಎಂಎಸ್‌ಎಫ್ ಆಸ್ಪತ್ರೆಯ ಮೇಲೆ ಹೆಲಿಕಾಪ್ಟರ್‌ಗಳು ದಾಳಿ ಮಾಡಿದವು. ಬಾಂಬು ಬಿದ್ದದ್ದು ಔಷಧ ಉಗ್ರಾಣದ ಮೇಲೆ, ಅದು ನೆಲಸಮವಾಗಿ ಸುಟ್ಟುಹೋಯಿತು. 1 ಲಕ್ಷ 10 ಸಾವಿರಕ್ಕೂ ಹೆಚ್ಚು ಜನರಿರುವ ಆ ಜಿಲ್ಲೆಗೆ ಇದ್ದದ್ದು ಅದೊಂದೇ ಆಸ್ಪತ್ರೆ. ಕಾರವಾರದಲ್ಲಿ ಈ ಸುದ್ದಿ ಓದಿದಾಗ ನನಗೆ ಮೊದಲು ಹೊಳೆದದ್ದು ದಿನಾಂಕ. ಮೇ ತಿಂಗಳ ಮೊದಲ ವಾರವೆಂದರೆ ಆ ಸೀಮೆಯಲ್ಲಿ ಮಳೆಗಾಲದ ದಾಸ್ತಾನು ಬಂದು ಸೇರಬೇಕಾದ ಹೊತ್ತು. ಆಗ ಸುಟ್ಟುಹೋದದ್ದನ್ನು ಮತ್ತೆ ಮೊದಲಿನಷ್ಟು ತುಂಬಿಸಲು ಮಳೆಗಾಲ ಕಳೆಯುವವರೆಗೆ ಕಾಯಬೇಕಾಗುತ್ತದೆ. ಅಲ್ಲಿಯವರೆಗೆ ಬರುವುದೆಲ್ಲ ದೋಣಿಯಲ್ಲಿ ಇಲ್ಲವೇ ಟನ್ನಿನ ಲೆಕ್ಕದಲ್ಲಿ ಹಾರುವ ಸಣ್ಣ ವಿಮಾನದಲ್ಲಿ ಬರಬೇಕು, ಮಲೇರಿಯಾ ಏರುವ ತಿಂಗಳುಗಳೂ ಅವೇ ಆಗಿರುತ್ತವೆ.