ಎರಡು 555 ಐಸಿ ಇದ್ರ ಸಾಕು, ಮನ್ಯಾಗ ಸೈರನ್ ರೆಡಿ

ಕಲಬುರಗಿ ಬಿಸಿಲಾಗ ನಮ್ಮವ್ವ ಮಾಳಗಿ ಮ್ಯಾಲ ಸಂಡಿಗಿ ಒಣಾ ಹಾಕಿ ಬಡಿಗಿ ಹಿಡ್ಕೊಂಡು ಮಂಗ್ಯಾ ಕಾಯ್ಕೋತ ಕೂಡೋದು ನೋಡಲಾರ್ದ ನಾ ಈ ಸೈರನ್ ಮಾಡ್ದೆ. ಎರಡು ದಿನ ಓಡಿ ಹೋದ್ವು, ಮೂರನೇ ದಿನ ಸ್ಪೀಕರ್ ಬಾಜೂಕೇ ಕೂತು ಸಂಡಿಗಿ ತಿಂದ್ವು, ಅದು ಬ್ಯಾರೆ ಮಾತು ಬಿಡ್ರಿ.

ಬೇಕಾಗೋದು: 555 ಐಸಿ (ತಾನೇ ಆನ್-ಆಫ್ ಮಿಡಿತ ಹುಟ್ಸೋ ಎಂಟು ಕಾಲಿನ ಚಿಪ್) ಎರಡು, 10ಕೆ (ಅಂದ್ರ 10 ಕಿಲೋ ಓಮ್) ರೆಸಿಸ್ಟರ್ ಮೂರು, 68ಕೆ ಎರಡು, 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಎರಡು, 103 ಅಂತ ಬರ್ದಿರೋ ಸಣ್ಣ ಸೆರಾಮಿಕ್ ಕೆಪಾಸಿಟರ್ ಒಂದು (ಅಂದ್ರ 0.01 ಮೈಕ್ರೋಫ್ಯಾರಡ್), 8 ಓಮ್ ಸ್ಪೀಕರ್, ಬ್ರೆಡ್‌ಬೋರ್ಡ್ (ಬೆಸಿಗಿ ಇಲ್ದ ಚುಚ್ಚಿ ಜೋಡ್ಸೋ ತೂತಿನ ಹಲಗಿ), 9 ವೋಲ್ಟ್ ಬ್ಯಾಟರಿ. ಹಳೇ ರೇಡಿಯೋದ ಸ್ಪೀಕರ್ ಆದ್ರೂ ನಡೀತದ.

ಐಸಿ ಮ್ಯಾಲ ಒಂದು ಕಡಿ ಅರ್ಧ ಚಂದ್ರನಂಗ ಕಚ್ಚು ಇರ್ತದ ನೋಡ್ರಿ, ಅದನ್ನ ಮ್ಯಾಲ್ ಮಾಡಿ ಹಿಡಿದ್ರ ಎಡಕ್ಕಿನ ಮೊದಲ್ನೇದು 1ನೇ ಪಿನ್, ಅಲ್ಲಿಂದ ಕೆಳಗ ಇಳ್ದು ಬಲಕ್ಕ ಹತ್ತಿದ್ರ 8. ನಾ ಒಮ್ಮೆ ಉಲ್ಟಾ ಚುಚ್ಚಿ ಬ್ಯಾಟರಿ ಹಚ್ಚಿದ್ದೆ, ಬೆರಳು ಸುಟ್ಟಂಗಾತು, ಐಸಿ ಹೋತು.

ಎರಡೂ ಐಸಿಗೆ ಒಂದೇ ಜೋಡಣಿ. 1 ಮೈನಸ್‌ಗೆ, 8 ಮತ್ತ 4 ಪ್ಲಸ್‌ಗೆ. 4 ಅಂದ್ರ ರೀಸೆಟ್, ಅದನ್ನ ಹಂಗೇ ಬಿಟ್ರ ಒಮ್ಮೆ ಕೂಗ್ತದ ಒಮ್ಮೆ ಇಲ್ಲ. 8ರಿಂದ 7ಕ್ಕ 10ಕೆ, 7ರಿಂದ 6ಕ್ಕ 68ಕೆ, 6 ಮತ್ತ 2 ಒಂದಕ್ಕೊಂದು ವೈರ್, 2ರಿಂದ ಮೈನಸ್‌ಗೆ ಕೆಪಾಸಿಟರ್. ಫರಕ್ ಇರೋದು ಇಲ್ಲೇ: ಮೊದಲ್ನೇ ಐಸಿಗೆ 10 ಮೈಕ್ರೋಫ್ಯಾರಡ್ದು ಹಾಕ್ರಿ (ಬಿಳಿ ಪಟ್ಟಿ ಇರೋ ಕಾಲು ಮೈನಸ್‌ಗೆ), ಎರಡನೇದಕ್ಕ 103. ಸಾವಿರ ಪಟ್ಟು ಸಣ್ಣ ಕೆಪಾಸಿಟರ್ ಬೇಗ ತುಂಬಿ ಬೇಗ ಖಾಲಿ ಆಗ್ತದ, ಅದಕ್ಕ ಮೊದಲ್ನೇದು ಸೆಕೆಂಡಿಗೆ ಸುಮಾರು 1 ಸಲ ಮಿಡಿದ್ರ ಎರಡನೇದು ಸುಮಾರು 1000 ಸಲ, ನಮ್ಮ ಕಿವಿಗೆ ಕೇಳೋದು ಅದೇ.

ಐಸಿ ಮಿಡಿತ ಹೊರಗ ಬರೋದು 3ನೇ ಪಿನ್‌ದಾಗ. ಎರಡನೇದರ 3ನೇ ಪಿನ್‌ಗೆ ಉಳಿದ 10 ಮೈಕ್ರೋಫ್ಯಾರಡ್‌ದರ ಪ್ಲಸ್ ಕಾಲು, ಇನ್ನೊಂದು ಕಾಲಿನಿಂದ ಸ್ಪೀಕರ್, ಸ್ಪೀಕರಿನ ಇನ್ನೊಂದು ವೈರ್ ಮೈನಸ್‌ಗೆ. ಈಗ್ಲೇ ಬ್ಯಾಟರಿ ಹಚ್ಚಿ ನೋಡ್ರಿ, ಒಂದೇ ಸಮ ಕುಂಯ್ ಅಂದ್ರ ಅರ್ಧ ಕೆಲ್ಸ ಮುಗೀತು. ಆಮ್ಯಾಲ ಬ್ಯಾಟರಿ ತಗದು ಮೊದಲ್ನೇದರ 3ರಿಂದ ಎರಡನೇದರ 5ಕ್ಕ ಕೊನೀ 10ಕೆ ಹಾಕ್ರಿ. ಆ 5ನೇ ಪಿನ್ ವೋಲ್ಟೇಜ್ ಏರಿಳಿದಂಗ ಸೌಂಡ್ ದಪ್ಪ-ಸಣ್ಣ ಆಗ್ತದ, ಪೀಂ-ಪಾಂ ಪೀಂ-ಪಾಂ.

ಇನ್ನೂ ಜಲ್ದಿ ಬೇಕಂದ್ರ ಮೊದಲ್ನೇ ಐಸಿದು 68ಕೆ ತಗದು 33ಕೆ ಹಾಕ್ರಿ. 9 ವೋಲ್ಟ್ ಚೌಕ ಬ್ಯಾಟರಿ ಬೇಗ ಇಳೀತದ, ದಿನಾ ನಡ್ಸೋದಿದ್ರ 12 ವೋಲ್ಟ್ ಅಡಾಪ್ಟರ್ ಹಚ್ಚ್ರಿ.